ಮೂಲೆಯ ಕುಂಡದ ಅವರೆ

ಎರಡು ತಳಿ ಕೂಡಿಸಿದಾಗ ಹೂವಿನ ತೊಟ್ಟಿಗೆ ಕಟ್ಟುವ ಚೀಟಿ ಹೆಬ್ಬೆರಳಿನ ಉಗುರಿಗಿಂತ ಒಂದಿಷ್ಟು ದೊಡ್ಡದು. ಅದರಲ್ಲಿ ತಾಯಿಗಿಡದ ಹೆಸರು ಬರೆಯಬೇಕು, ತಂದೆಗಿಡದ ಹೆಸರು ಬರೆಯಬೇಕು, ಆಮೇಲೆ ತಾರೀಖು. ಅಷ್ಟರಲ್ಲಿ ಜಾಗ ಮುಗಿದುಹೋಗುತ್ತದೆ. ಆ ಎರಡನ್ನೂ ಕೂಡಿಸಿದ ಕೈ ಯಾರದು ಎಂದು ಬರೆಯಲು ಎಲ್ಲೂ ಜಾಗವಿಲ್ಲ. ಮೂವತ್ತು ವರ್ಷ ಅಂಥ ಚೀಟಿಗಳನ್ನು ಕಟ್ಟಿದವಳೊಬ್ಬಳು ನನಗೆ ಗೊತ್ತಿದ್ದಳು. ಅವಳ ಹೆಸರನ್ನು ನಾನೂ ಇಲ್ಲಿ ಬರೆಯುತ್ತಿಲ್ಲ. ಪರ್ಮಿಷನ್ ಇಲ್ಲ.

"ಅಕ್ಕ, ನಿನ್ನ ವಿಷಯ ಎಲ್ಲಾದರೂ ಬರೀಲಾ?" ಎಂದು ಒಮ್ಮೆ ಕೇಳಿದ್ದೆ.

"ಬರ್ಕಳಿ ಮಿಸ್ಸಮ್ಮ. ಹೆಸ್ರು ಮಾತ್ರ ಹಾಕ್ಬ್ಯಾಡಿ. ಆಮ್ಯಾಕೆ ನನ್ ಮಗ್ಳು ಡೈರಿ ತಾವ ಕ್ಯಾನ್ ಇಳ್ಸಂಗಿಲ್ಲ, ನಿಮ್ಮವ್ವ ಪೇಪರ್ನಾಗೆ ಬಂದವ್ಳಂತೆ ಅಂತ ಎಲ್ಲಾ ಸುತ್ಕತಾರೆ."

ಆದರೂ ಅವಳದೊಂದು ಗುರುತಿತ್ತು. ಬೇರೆ ಹೆಂಗಸರು ಚೀಟಿಯ ದಾರಕ್ಕೆ ಒಂದು ಗಂಟು ಹಾಕುತ್ತಿದ್ದರು. ಅವಳು ಎರಡು ಹಾಕುತ್ತಿದ್ದಳು. ಎರಡನೆಯದು ಮೊದಲನೆಯದರ ಪಕ್ಕಕ್ಕೆ ಸ್ವಲ್ಪ ಸರಿದು ಕೂತಿರುತ್ತಿತ್ತು, ದೊಡ್ಡಮಗುವಿನ ಪಕ್ಕ ಚಿಕ್ಕಮಗು ಕೂತ ಹಾಗೆ. ಸಾಲಿನ ಉದ್ದಕ್ಕೂ ನಡೆದರೆ ಯಾವ ಹೂವು ಅವಳದು ಎಂದು ಕಣ್ಣು ಮುಚ್ಚಿ ಮುಟ್ಟಿಯೇ ಹೇಳಬಹುದಿತ್ತು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೆಳೆದವಳು. ಬೋರ್ಡಿಂಗಿನ ಹುಡುಗಿ. ಕಾಲೇಜಿನಲ್ಲಿ ಬಾಟನಿ ಓದಿ, ಬಾಟನಿ ಲೆಕ್ಚರರ್ ಆಗಿ ರಾಮನಗರಕ್ಕೆ ಬಂದಾಗ ನನಗೆ ಗಿಡಗಳ ಲ್ಯಾಟಿನ್ ಹೆಸರು ಚೆನ್ನಾಗಿ ಗೊತ್ತಿತ್ತು. ಗಿಡಗಳು ಅಷ್ಟಾಗಿ ಗೊತ್ತಿರಲಿಲ್ಲ. ಎಂಫಿಲ್‌ಗೆಂದು ರಜೆಯಲ್ಲಿ ಒಂದು ಸಂಶೋಧನಾ ತೋಟಕ್ಕೆ ಹೋಗಬೇಕಾಯಿತು. ಅಲ್ಲಿ ಅವರೆಯ ಮೇಲೆ ಕೆಲಸ ನಡೆಯುತ್ತಿತ್ತು. ಅವರೆ ಹಳೆಯ ಕಾಲದಿಂದ ಹಠಮಾರಿ ಬೆಳೆ. ಯಾವಾಗ ಬಿತ್ತಿದರೂ ಸರಿಯೇ, ರಾತ್ರಿ ಉದ್ದವಾಗುವವರೆಗೆ ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಾಕಿದರೆ ಬರೀ ಬಳ್ಳಿ, ಬರೀ ಎಲೆ. ವರ್ಷವಿಡೀ ಹೂ ಬಿಡುವ, ಬಳ್ಳಿಯಾಗಿ ಹಬ್ಬದೆ ನೆಟ್ಟಗೆ ನಿಲ್ಲುವ ಅವರೆ ಮಾಡುವುದು ಅಲ್ಲಿಯ ಸಾಹೇಬರುಗಳ ಗುರಿಯಾಗಿತ್ತು.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಆ ಹೊಲದಲ್ಲಿ ಒಂದು ಬಗೆಯ ಮೌನ ಇಳಿಯುತ್ತಿತ್ತು. ಕೂಲಿಯ ಹೆಂಗಸರು ತಲೆಯ ಮೇಲೆ ಟವೆಲ್ ಹಾಕಿಕೊಂಡು, ಸಾಲುಗಳ ನಡುವೆ ಕುಕ್ಕುರುಗಾಲಲ್ಲಿ ಕೂತು, ನಾಳೆ ಅರಳಬೇಕಾದ ಮೊಗ್ಗನ್ನು ಇಂದೇ ಬಿಡಿಸುತ್ತಿದ್ದರು. ಬಿಳಿ ಹೂವಿನ ಸಾಲು, ನೇರಳೆ ಹೂವಿನ ಸಾಲು, ನಡುವೆ ಉಸಿರು ಬಿಗಿಹಿಡಿದ ಹೆಂಗಸರು. ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ನನಗೆ ಅದು ಕಾಣುತ್ತದೆ. ಡ್ರೀಮ್ ಎನ್ನಬೇಕೋ ಮೆಮರಿ ಎನ್ನಬೇಕೋ ಗೊತ್ತಾಗುವುದಿಲ್ಲ.

ಅವಳು ಆಗ ಮೂವತ್ತರ ಆಸುಪಾಸು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಾಗಡಿ ಹತ್ತಿರದ ಕಲ್ಯದ ಕಡೆಯವಳು. ಆಫೀಸಿನವರು ಕೊಟ್ಟ ಚಿಮಟವನ್ನು ಡಬ್ಬಿಯಲ್ಲೇ ಇಟ್ಟು ಜಾಲಿ ಮುಳ್ಳಿನಿಂದ ಕೆಲಸ ಮಾಡುತ್ತಿದ್ದಳು. ಹೂವು ತನ್ನದೇ ಪುಡಿಯಿಂದ ಕಾಯಿ ಕಟ್ಟದಿರಲೆಂದು, ಮುಳ್ಳಿನ ತುದಿಯಿಂದ ಮೊಗ್ಗಿನ ಎಸಳನ್ನು ಸರಿಸಿ, ಒಳಗಿನ ಗಂಡು ಕೇಸರಗಳನ್ನು ಒಂದೊಂದಾಗಿ ಎತ್ತಿ ಹೊರಗಿಡುತ್ತಿದ್ದಳು. ಮಗು ಮಲಗಿರುವ ಕೋಣೆಯಿಂದ ಪಾತ್ರೆ ಎತ್ತಿ ತರುವವರ ಹಾಗೆ.

"ಎಣಿಸ್ಕಳಿ ಮಿಸ್ಸಮ್ಮ" ಎಂದಳು ಮೊದಲ ದಿನವೇ. "ಹತ್ತು ಜನ ಗಂಡುಸ್ರು ಅವ್ರೆ ಒಳಗೆ. ಒಂಬತ್ತು ಜನ ಕೂಡ್ಕೊಂಡವ್ರೆ, ಒಬ್ಬ ಬ್ಯಾರೆ ಆಗವ್ನೆ. ಆ ಬ್ಯಾರೆ ಆದವ್ನೇ ಕಳ್ಳ. ಅವನೊಬ್ಬ ಉಳಿದ್ರೂ ನಮ್ ಕೆಲ್ಸ ಹಾಳು."

ನಾನು ಕ್ಲಾಸಿನಲ್ಲಿ ಅದನ್ನು ಡಯಾಡೆಲ್ಫಸ್ ಎಂದು ಬೋರ್ಡಿನ ಮೇಲೆ ಬರೆದು ಅಂಡರ್‌ಲೈನ್ ಮಾಡಿಸುತ್ತಿದ್ದೆ. ಅದನ್ನೇ ಅವಳಿಗೂ ಹೇಳಿದೆ. ಅವಳು ಒಂದು ಗಳಿಗೆ ಮುಳ್ಳು ನಿಲ್ಲಿಸಿ, "ಇಂಗ್ಲೀಸ್ನಲ್ಲಿ ಕರುದ್ರೆ ಅವ್ನು ಈಚೆ ಬತ್ತಾನಾ?" ಎಂದಳು.

ಕೆಲಸದ ದಿನ ಅವಳು ಎಲೆಯಡಿಕೆ ಹಾಕುತ್ತಿರಲಿಲ್ಲ. ಬೆರಳಿನ ಸುಣ್ಣ ಹೂವಿಗೆ ತಾಗಬಾರದು. ತಲೆಗೆ ಹೂ ಮುಡಿಯುತ್ತಿರಲಿಲ್ಲ. ಗಿಡಗಳಿಗೆ ತನ್ನದೇ ಹೆಸರು ಇಟ್ಟಿದ್ದಳು. ಹಬ್ಬುವ ಅವರೆ 'ಓಡುಗಾಲಿ', ನೆಟ್ಟಗೆ ನಿಂತು ತುದಿಯಲ್ಲೇ ಹೂ ಬಿಡುವ ಹೊಸ ಅವರೆ 'ಗೂಟ'. ಎರಡನ್ನೂ ಕೂಡಿಸಿದರೆ ಮೊದಲ ತಲೆಮಾರು ಪೂರ್ತಿ ಓಡುಗಾಲಿಯೇ. ಸಾಹೇಬರು ಬೇಸರದ ಮುಖ ಮಾಡಿದರೆ, "ಮೊದಲ್ನೇ ಮಗೀನ ಮಕ ನೋಡಿ ತೀರ್ಮಾನ ಮಾಡ್ಬ್ಯಾಡಿ ಸಾಮಿ. ಮೊಮ್ಮಕ್ಕಳು ಬರ್ಲಿ ತಡೀರಿ" ಎನ್ನುತ್ತಿದ್ದಳು. ಮೊಮ್ಮಕ್ಕಳ ಸಾಲಿನಲ್ಲಿ ನಡೆದು, ಬರೀ ಕುಡಿ ಮುಟ್ಟಿ, ನಾಲ್ಕಕ್ಕೊಂದು ಗೂಟ ಆರಿಸಿ ತೋರಿಸುತ್ತಿದ್ದಳು. ಮೆಂಡೆಲ್ ಎಂಬ ಪಾದ್ರಿಯೊಬ್ಬರು ಬಟಾಣಿಯಲ್ಲಿ ಇದನ್ನೇ ಲೆಕ್ಕ ಹಾಕಿದ್ದರು ಎಂದೆ. "ಪಾದ್ರಿ ಅಲ್ವಾ, ಮನೆ ಮಕ್ಕಳು ಇರ್ಲಿಲ್ಲ, ಟೈಮಿತ್ತು" ಎಂದಳು.

ವರ್ಷಗಳು ಕಳೆದಂತೆ ನನ್ನ ಟೆಕ್ಸ್ಟ್‌ಬುಕ್‌ಗಳು ದಪ್ಪವಾದವು. ಹೂ ಬಿಡುವ ಕಾಲದ ಹಿಂದೆ ಯಾವ ಜೀನ್‌ಗಳಿವೆ ಎಂಬುದು ಒಂದೊಂದಾಗಿ ಬಂತು. ಸಿಕ್ಕಾಗಲೆಲ್ಲ ಅವಳಿಗೆ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದ ಹಾಗೆ ನನ್ನ ಸ್ಟೂಡೆಂಟ್ಸ್ ಯಾರೂ ಕೇಳಲಿಲ್ಲ. ಎಲೆ ರಾತ್ರಿಯನ್ನು ಅಳೆಯುತ್ತದೆ ಎಂದೆ. ರಾತ್ರಿ ಸಾಕಷ್ಟು ಉದ್ದವಾಯಿತು ಎನಿಸಿದರೆ ಎಲೆಯಲ್ಲಿ ಒಂದು ಮೆಸೇಜ್ ಹುಟ್ಟಿ, ಕಾಂಡದೊಳಗೆ ಹರಿದು ಕುಡಿಯವರೆಗೆ ಹೋಗಿ 'ಈಗ ಹೂ ಬಿಡು' ಎನ್ನುತ್ತದೆ. ಕುಡಿಯಲ್ಲಿ ಇನ್ನೊಂದು ಜೀನ್ ಕೂತಿದೆ. ಅದು 'ಇನ್ನೂ ಬೇಡ, ಇನ್ನೊಂದಿಷ್ಟು ಬೆಳಿ' ಎನ್ನುತ್ತಲೇ ಇರುತ್ತದೆ. ಗೂಟದಲ್ಲಿ ಆ ಎರಡನೆಯ ದನಿ ಕೆಟ್ಟುಹೋಗಿದೆ. ಅದಕ್ಕೇ ತುದಿಯೇ ಹೂವಾಗಿ ಬೆಳವಣಿಗೆ ಅಲ್ಲಿಗೇ ನಿಂತುಬಿಡುತ್ತದೆ.

ಅವಳು ಯೋಚಿಸಿದಳು. "ನಮ್ಮವ್ವನಂಗೆ ಅನ್ನಿ. ಇನ್ನೊಸಿ ಬೆಳೀಲಿ, ಇನ್ನೊಸಿ ಬೆಳೀಲಿ ಅಂತ ನನ್ನ ನೋಡಾಕ್ ಬಂದ ಮೂರು ಸಂಬಂಧ ವಾಪಸ್ ಕಳ್ಸಿದ್ಲು." ಆಮೇಲೆ ನನ್ನನ್ನು ಓರೆಯಾಗಿ ನೋಡಿದಳು. "ನಿಮ್ಗೆ ಆ ಜೀನು ಭಾರಿ ಗಟ್ಟಿ ಐತೆ ಮಿಸ್ಸಮ್ಮ."

ನಾನು ಮದುವೆಯಾಗಿರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಆ ಮಾತನ್ನು ಅವಳಂತೆ ಮುಖಕ್ಕೆ ಹೇಳಿಯೂ ನನ್ನನ್ನು ನಗಿಸಿದವರು ಇನ್ನೊಬ್ಬರಿಲ್ಲ.

ಅವಳ ಅವ್ವ ಬಿಟ್ಟುಹೋದದ್ದು ಒಂದು ಅವರೆ. ಮಾಗಡಿ ಸೀಮೆಯಲ್ಲಿ ಸೊಗಡು ಎಂದರೆ ವಿವರಿಸಬೇಕಾಗಿಲ್ಲ: ಮಾರ್ಗಶಿರದ ಇಬ್ಬನಿಯಲ್ಲಿ ಕಾಯಿ ಬಿಡಿಸಿದ ಕೈಗೆ ಅಂಟಿ, ತೊಳೆದರೂ ಎರಡು ದಿನ ಬಿಡದ ಆ ಎಣ್ಣೆಯಂಥ ಘಮ. ಎಲ್ಲ ಅವರೆಗೂ ಅದು ಒಂದೇ ಸಮ ಇರುವುದಿಲ್ಲ. ಅವಳ ಅವ್ವನ ಅವರೆಯನ್ನು ಅವಳು ಒಮ್ಮೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದು ನನ್ನ ಕೈಗೆ ಸುರಿದಿದ್ದಳು. ಬಸ್ಸಿನಲ್ಲಿ ಬರುವಾಗ ಪಕ್ಕದವರು ತಿರುಗಿ ನೋಡಿದರಂತೆ. ಅದನ್ನು ಗೂಟದ ಜೊತೆ ಕೂಡಿಸಬೇಕು, ಅವ್ವನ ಸೊಗಡು ವರ್ಷವಿಡೀ ಇರುವ ಹಾಗೆ ಮಾಡಬೇಕು ಎಂಬುದು ಅವಳ ಆಸೆ. ತೋಟದಲ್ಲಿ ಕೇಳಿದ್ದಳು. ಸಾಹೇಬರು ಒಳ್ಳೆಯವರೇ, ನಗುತ್ತಲೇ, ಲಿಸ್ಟಿನಲ್ಲಿರುವ ಗಿಡಗಳನ್ನು ಮಾತ್ರ ಕೂಡಿಸಬೇಕು ಎಂದರಂತೆ. ಮೂವತ್ತು ವರ್ಷ ಅವಳು ಲಿಸ್ಟಿನಲ್ಲಿದ್ದ ಹೂಗಳಿಗೆ ಮದುವೆ ಮಾಡಿಸಿದಳು. ತನ್ನ ಮನೆಯದಕ್ಕೆ ಮಾಡಿಸಲಿಲ್ಲ.

ನಾನು ರಿಟೈರ್ ಆಗಿ ಮಾಗಡಿಯಲ್ಲಿ ಪುಟ್ಟ ಮನೆ ಮಾಡಿದ ಮೇಲೆ ಅವಳು ಆಗಾಗ ಬರುತ್ತಿದ್ದಳು. ಈ ವರ್ಷ ಶಿವರಾತ್ರಿ ಮುಗಿದ ವಾರ ಬಂದವಳು ಒಂದು ಮಾತ್ರೆಯ ಡಬ್ಬಿ ತೆಗೆದು ಟೇಬಲ್ಲಿನ ಮೇಲೆ ಇಟ್ಟಳು. ಒಳಗೆ ಹನ್ನೊಂದು ಅವರೆಕಾಳು.

"ಇಷ್ಟೇ ಉಳಿದಿರೋದು" ಎಂದಳು. ಅವರ ರಾಗಿಹೊಲದ ಪಕ್ಕ ಸೈಟು ಮಾಡಿ ಲೈಟುಕಂಬ ನೆಟ್ಟಿದ್ದರು. ಬದುವಿನ ಮೇಲೆ ಹಾಕುತ್ತಿದ್ದ ಅವರೆ ಎರಡು ವರ್ಷದಿಂದ ಆ ಬೆಳಕಿನಲ್ಲಿ ಸೊಂಪಾಗಿ ಹಬ್ಬಿತ್ತು, ಹೂವೇ ಇಲ್ಲ. ಮಡಕೆಯಲ್ಲಿಟ್ಟ ಹಳೆಯ ಬೀಜಕ್ಕೆ ಹುಳ ಬಿದ್ದಿತ್ತು.

"ನವೆಂಬರಿಗೆ ಹೂ ಬರೋ ಹಾಗೆ ಜೂನಿನಲ್ಲಿ ಹಾಕೋಣ ಅಕ್ಕ. ನಮ್ಮ ಮನೇಲಿ ಹಾಕೋಣ" ಎಂದೆ.

"ಅಷ್ಟು ಟೈಮಿಲ್ಲ ಮಿಸ್ಸಮ್ಮ."

ಅವಳ ಕಣ್ಣು ಹೋಗುತ್ತಿತ್ತು. ಗ್ಲಾಕೋಮಾ. ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತಿತ್ತು. ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ ಎಂದಳು. ಯುಗಾದಿ ಆದ ಮೇಲೆ ಆಪರೇಷನ್, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಹೋದದ್ದು ಬರುವುದಿಲ್ಲ, ಇರುವುದು ಉಳಿದರೆ ಪುಣ್ಯ ಎಂದಿದ್ದರು ಡಾಕ್ಟರು. "ನನ್ ಕಣ್ಣಿರೋವಾಗ್ಲೇ, ನನ್ ಕೈಲೇ, ಅವ್ವನ ಹೂವ ಗೂಟದ್ ಜತೆ ಒಂದ್ಸಲ ಕಟ್ಬೇಕು" ಎಂದಳು. ಕೇಳಿದ್ದು ಅಷ್ಟೇ. ನಾನು ಅವಳನ್ನು ಕಂಡ ಇಷ್ಟು ವರ್ಷದಲ್ಲಿ ಅವಳು ನನ್ನಲ್ಲಿ ಕೇಳಿದ್ದೂ ಅದೊಂದೇ.

ಬೇಸಿಗೆಯಲ್ಲಿ ಅವರೆಗೆ ಹೂ ಬರಿಸಬೇಕಾದರೆ ಅದಕ್ಕೆ ಸುಳ್ಳು ರಾತ್ರಿ ತೋರಿಸಬೇಕು. ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಹನ್ನೊಂದರಲ್ಲಿ ಒಂಬತ್ತು ಮೊಳೆತವು. ರಾಮನಗರದ ನನ್ನ ಹಳೆಯ ಸ್ಟೂಡೆಂಟ್ ಒಬ್ಬಳ ಮನೆಯಿಂದ ಎರಡು ಮುರುಕು ಚಂದ್ರಿಕೆ ತರಿಸಿದೆ, ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆಗಳು. ಅವನ್ನು ಒಂದಕ್ಕೊಂದು ಒರಗಿಸಿ, ಮೇಲೆ ಎರಡು ಪದರ ಕಪ್ಪು ಬಟ್ಟೆ ಹೊದಿಸಿ, ಕೆಳಗೆ ಎಂಟು ಕುಂಡ ಇಟ್ಟೆವು. ಒಂಬತ್ತನೆಯದಕ್ಕೆ ಜಾಗ ಸಾಲಲಿಲ್ಲ. ಅದನ್ನು ಬಟ್ಟೆ ಒಗೆಯುವ ಕಲ್ಲಿಗೂ ನೀರಿನ ಡ್ರಮ್ಮಿಗೂ ನಡುವಿನ ಮೂಲೆಯಲ್ಲಿಟ್ಟು, ಅದಕ್ಕೆ ಬೇರೆಯದೇ ಒಂದು ಕಪ್ಪು ಮುಸುಕು ಮಾಡಿದೆವು. ಗೂಟದ ಅವರೆ ನಾಲ್ಕು ಕುಂಡಗಳಲ್ಲಿ ಹೊರಗೇ ಇತ್ತು, ಅದಕ್ಕೆ ರಾತ್ರಿಯ ಹಂಗಿಲ್ಲ. ಬಳ್ಳಿ ಮೊಳಕಾಲೆತ್ತರ ಬಂದ ಮೇಲೆ ಸಂಜೆ ಐದಕ್ಕೆ ಮುಚ್ಚುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು. ಬೀದಿಯ ದೀಪ ಬಟ್ಟೆಯ ಸಂದಿಯಲ್ಲಿ ನುಗ್ಗದಂತೆ ಅವಳು ಅಂಚಿನ ಸುತ್ತ ಇಟ್ಟಿಗೆ ಇಟ್ಟಳು. ಮೂರು ದಿನ ನನ್ನ ಕೈಲಿ ಮಾಡಿಸಿ, ತಪ್ಪು ತಿದ್ದಿ, ಆಪರೇಷನ್ನಿಗೆ ಹೋದಳು. ಅಲ್ಲಿಂದ ಸೋಲೂರಿನ ಮಗಳ ಮನೆಗೆ. ನಾಲ್ಕು ವಾರ ಡ್ರಾಪ್ಸ್ ಹಾಕಿಕೊಂಡು ಮಲಗಬೇಕಿತ್ತು.

ರಾತ್ರಿ ಒಂಬತ್ತೂವರೆಗೆ, ಮಗಳು ಕೊಟ್ಟಿಗೆಯ ಕೆಲಸ ಮುಗಿಸಿ ಬಂದ ಮೇಲೆ, ಆ ಮಗಳ ಫೋನಿನಿಂದ ಅಕ್ಕನ ಕರೆ ಬರುತ್ತಿತ್ತು.

"ಮಿಸ್ಸಮ್ಮ, ಬುಡ್ತಾ?"

"ಇರು ಅಕ್ಕ, ನೋಡಿ ಹೇಳ್ತೀನಿ."

ಸ್ಪೀಕರ್ ಹಾಕಿಕೊಂಡು, ಫೋನಿನದೇ ಟಾರ್ಚ್ ಹಚ್ಚಿಕೊಂಡು, ಹಿತ್ತಿಲಿಗೆ ಹೋಗಿ ಇಟ್ಟಿಗೆ ಸರಿಸಿ ಬಟ್ಟೆ ಎತ್ತುತ್ತಿದ್ದೆ. ಎಂಟು ಗಿಡಗಳ ಎಂಟು ಕುಡಿಗಳನ್ನೂ ಒಂದೊಂದಾಗಿ ನೋಡುತ್ತಿದ್ದೆ. ಕನ್ನಡಕ ಏರಿಸಿ, ಇಳಿಸಿ. ಬೆಳಕಿನಲ್ಲಿ ಎಲೆಗಳು ಎಷ್ಟು ಹಸಿರಾಗಿ ಕಾಣುತ್ತಿದ್ದವು ಎಂದರೆ ಬೇಗ ಮುಚ್ಚಲು ಮನಸ್ಸೇ ಬರುತ್ತಿರಲಿಲ್ಲ. ಅವಳ ದನಿ ಫೋನಿನಿಂದ ಇಳಿದು ಆ ಎಲೆಗಳ ಮೇಲೆ ಬೀಳುತ್ತಿತ್ತು: "ಎಡಗಡೆ ಕೊನೇದು ನೋಡಿದ್ರಾ? ಅದು ಒಸಿ ಮುಂದ್ಲದು." ಹತ್ತು ಹದಿನೈದು ನಿಮಿಷ ಮಾತು. ಅವಳ ಕಣ್ಣು, ಮಗಳ ಎಮ್ಮೆ, ನನ್ನ ಮಂಡಿ. ನಾನು ಹಿಡಿದ ಬೆಳಕು ಅಷ್ಟು ಹೊತ್ತೂ ಅಲ್ಲೇ.

"ಮೂಲೇದು?" ಎಂದು ಕಡೆಗೆ ಕೇಳುತ್ತಿದ್ದಳು.

ಮೂಲೆಯ ಕುಂಡ ನೋಡಬೇಕಾದರೆ ಕಲ್ಲಿನ ಮೇಲೆ ಕೈಯೂರಿ ಬಗ್ಗಬೇಕು. ನನ್ನ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಅದರ ಮುಸುಕನ್ನು ನಿಂತಲ್ಲಿಂದಲೇ ಕೋಲಿನ ತುದಿಯಿಂದ ಎತ್ತಿ ಹಾಕುತ್ತಿದ್ದೆ. "ಅದೂ ಹಾಗೇ ಇದೆ ಅಕ್ಕ" ಎಂದುಬಿಡುತ್ತಿದ್ದೆ. ಅಷ್ಟೊಂದು ದೊಡ್ಡ ಸುಳ್ಳು ಅಂತ ಅನ್ನಿಸಲಿಲ್ಲ. ವೈಟ್ ಲೈ.

ಬೋರ್ಡಿಂಗ್‌ನಲ್ಲಿ ಲೈಟ್ಸ್ ಔಟ್ ಆದ ಮೇಲೆ ನಮ್ಮ ಡಾರ್ಮಿಟರಿ ನೋಡಿಕೊಳ್ಳುವ ಸಿಸ್ಟರ್ ಒಬ್ಬರು ಟಾರ್ಚ್ ಹಿಡಿದು ಬರುತ್ತಿದ್ದರು. ಹುಡುಗಿಯರೆಲ್ಲ ಮಲಗಿದ್ದಾರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖದ ಮೇಲೂ ಬೆಳಕು ಬಿಟ್ಟು ನೋಡುತ್ತಿದ್ದರು. ಬಹಳ ಪ್ರೀತಿಯ ಹೆಂಗಸು. ನಾವೆಲ್ಲ ರೆಪ್ಪೆಯ ಹಿಂದೆ ಎಚ್ಚರವಾಗಿ, ಅವರ ಚಪ್ಪಲಿಯ ಸದ್ದು ದೂರವಾಗುವವರೆಗೆ ಮಿಸುಕದೆ ಬಿದ್ದಿರುತ್ತಿದ್ದೆವು. ಅರುವತ್ತು ವರ್ಷದ ಹಿಂದಿನ ಮಾತು. ಆ ನಾಲ್ಕು ವಾರದಲ್ಲಿ ಒಂದು ದಿನವೂ ಅದು ನೆನಪಿಗೆ ಬರಲಿಲ್ಲ ನೋಡಿ.

ನಾಲ್ಕು ವಾರ ಕಳೆದು ಮಗಳ ಜೊತೆ ಬಂದಳು. ಕಪ್ಪು ಕನ್ನಡಕ, ಕೈಯಲ್ಲಿ ಮಗಳ ಭುಜ. ಮೊದಲ ಕಣ್ಣು ಉಳಿದಿರಲಿಲ್ಲ; ಮುಂದಿನ ವಾರ ಇನ್ನೊಂದು ಕಣ್ಣಿನ ಆಪರೇಷನ್. ಅದಾದ ಮೇಲೆ ಏನು ಉಳಿಯುತ್ತದೋ ಯಾರಿಗೂ ಗೊತ್ತಿಲ್ಲ. ಕಟ್ಟುವುದಾದರೆ ಈ ವಾರವೇ ಕಟ್ಟಬೇಕು. ನೇರ ಹಿತ್ತಿಲಿಗೆ ಹೋಗಿ ಎಂಟು ಕುಡಿಗಳನ್ನೂ ಎರಡು ಬೆರಳಿನ ನಡುವೆ ಹಿಡಿದು ನೋಡಿದಳು.

"ಎಲ್ಲಾ ಮೆತ್ತಗವೆ, ಮೊಗ್ಗಿಲ್ಲ. ಇನ್ನೂ ಓಡ್ತಾನೇ ಅವೆ" ಎಂದಳು.

ನಾನು ಬಾಗಿಲಿಗೆ ಒರಗಿ ನಿಂತೆ. ಅವಳು ಗೋಡೆ ಹಿಡಿದು ಮೂಲೆಗೆ ಹೋದಳು, ಕಲ್ಲಿನ ಮೇಲೆ ಕೂತಳು, ಡ್ರಮ್ಮಿನ ಹಿಂದೆ ಕೈ ಹಾಕಿದಳು. ಒಂದೊಂದೇ ಎಲೆ ತಡವಿದಳು.

"ಮಿಸ್ಸಮ್ಮ, ಇದ್ರಲ್ಲಿ ಗೊನೆ ಬಂದೈತೆ. ಮೊಗ್ಗು ಐತೆ."

ನಾನು ಮಂಡಿಯನ್ನು ಮರೆತು ಬಗ್ಗಿದೆ. ಹೌದು. ಎಲೆಯ ಕಂಕುಳಿನಿಂದ ಎದ್ದ ಒಂದು ಕಡ್ಡಿಯ ಮೇಲೆ ಜೀರಿಗೆಯಷ್ಟು, ಕಡಲೆಯಷ್ಟು, ನಾಳೆ ಒಡೆಯುವಷ್ಟು, ಒಟ್ಟು ಏಳು ಮೊಗ್ಗು.

"ಇದ್ರಲ್ಲೂ ಏನೂ ಇಲ್ಲ ಅಂತ ನೆನ್ನೇನೂ ಅಂದ್ರಿ."

"ನೋಡಿರಲಿಲ್ಲ ಅಕ್ಕ. ಬಗ್ಗೋಕಾಗಲ್ಲ. ಸುಮ್ಮನೆ ಹೇಳಿದೆ."

"ಬ್ಯಾರೇವ್ನ ನೋಡಿದ್ರಾ?"

"ದಿನಾ ನೋಡಿದೆ. ನೀನು ಫೋನ್ ಮಾಡಿದಾಗಲೆಲ್ಲ."

"ಎಂಗೆ? ಕತ್ಲಲ್ಲಿ?"

"ಟಾರ್ಚ್..." ಎಂದೆ.

ಮೂವತ್ತೈದು ವರ್ಷ ನಾನು ಬೋರ್ಡಿನ ಮೇಲೆ ಒಂದು ಚಿತ್ರ ಬರೆದಿದ್ದೇನೆ. ಒಂದು ಉದ್ದನೆಯ ಪಟ್ಟಿ. ಹಗಲು ಬಿಳಿ, ರಾತ್ರಿ ಕಪ್ಪು. ಆ ಕಪ್ಪಿನ ನಡುವೆ ಸೀಮೆಸುಣ್ಣದಲ್ಲಿ ಒಂದೇ ಒಂದು ಸಣ್ಣ ಬಿಳಿ ಗೀಟು. ರಾತ್ರಿಯ ನಡುವೆ ಕೆಲವೇ ನಿಮಿಷ ಬೆಳಕು ಬಿದ್ದರೂ ಗಿಡದ ಲೆಕ್ಕಕ್ಕೆ ಅದು ಒಂದು ಉದ್ದ ರಾತ್ರಿಯಲ್ಲ, ಎರಡು ತುಂಡು ರಾತ್ರಿ. ಹೂ ಬಿಡುವುದಿಲ್ಲ. ಇಂಪಾರ್ಟೆಂಟ್ ಕ್ವೆಶ್ಚನ್, ಎಕ್ಸಾಮಿಗೆ ಬರುತ್ತದೆ ಎನ್ನುತ್ತಿದ್ದೆ. ಬೀದಿಯ ಬೆಳಕಿಗೆ ಎರಡು ಪದರ ಬಟ್ಟೆ, ಸುತ್ತ ಇಟ್ಟಿಗೆ. ಕೈಯಲ್ಲಿದ್ದ ಬೆಳಕು ಬೆಳಕು ಎಂದೇ ನನಗೆ ಹೊಳೆದಿರಲಿಲ್ಲ.

ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ, ನಗುತ್ತಿದ್ದಳು.

"ನಾನ್ ಕೇಳ್ದೆ, ನೀವ್ ನೋಡಿದ್ರಿ. ಇಬ್ರೂ ಸೇರ್ಕಂಡು ದಿನಾ ಅವುನ್ನ ಎಬ್ಬುಸ್ಬುಟ್ವಲ್ಲ ಮಿಸ್ಸಮ್ಮ."

ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಒಬ್ರು ಎಮ್ಮೆಸ್ಸಿ, ಒಬ್ಳು ಮೂವತ್ತು ವರ್ಸ ಸರ್ವೀಸು. ಮಕದ ಮ್ಯಾಲೆ ಲೈಟು ಬುಟ್ರೆ ನಿದ್ದೆ ಬರಾಕಿಲ್ಲ ಅನ್ನೋದು ನಮ್ಮನೆ ಎಮ್ಮೆಗೂ ಗೊತ್ತು" ಎಂದಳು.

ಒಂಬತ್ತು ಗಿಡದಲ್ಲೂ ಹೂ ಬಂದಿದ್ದರೆ ನೂರು ಮೊಗ್ಗು ಇರುತ್ತಿತ್ತು. ಕಟ್ಟಿದ ಹೂಗಳಲ್ಲಿ ಕಾಯಾಗಿ ನಿಲ್ಲುವುದು ಎಲ್ಲೋ ಒಂದೊಂದು. ಈಗ ಇದ್ದದ್ದು ಏಳು, ಅದೂ ನನ್ನ ಮಂಡಿಯ ದಯೆಯಿಂದ.

ಮರುದಿನ ಮಧ್ಯಾಹ್ನ ಮೂರಕ್ಕೆ ಅವಳು ಕಲ್ಲಿನ ಮೇಲೆ ಕೂತಳು. ಕುಂಡವನ್ನು ಬೆಳಕಿಗೆ ಎಳೆದಿಟ್ಟಿದ್ದೆವು. ಕನ್ನಡಕ ತೆಗೆದು, ಹಳೆಯ ಜಾಲಿ ಮುಳ್ಳು ಹಿಡಿದು ಮೊದಲ ಮೊಗ್ಗಿಗೆ ಹೋದಳು. ಮುಳ್ಳು ಒಂದು ಕೂದಲೆಳೆ ಆಚೆ ಇಳಿಯಿತು. ಮೊಗ್ಗು ಸೀಳಿತು. ಎರಡನೆಯದಕ್ಕೆ ಇನ್ನೂ ನಿಧಾನವಾಗಿ ಹೋದಳು. ಒಳಗಿನ ಹೆಣ್ಣುಕೇಸರವೇ ಮುರಿದು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು, ಹತ್ತಿರ ತಂದು, ದೂರ ಹಿಡಿದು ನೋಡಿದಳು. ಆ ಕೈ ಅಂಥ ತಪ್ಪು ಮಾಡಿದ್ದನ್ನು ನಾನು ಕಂಡಿರಲಿಲ್ಲ. ಬಹುಶಃ ಅವಳೂ ಕಂಡಿರಲಿಲ್ಲ.

"ತಕಳಿ" ಎಂದು ಮುಳ್ಳನ್ನು ನನ್ನ ಕಡೆ ಚಾಚಿದಳು.

"ನನ್ನ ಕೈಲಾಗಲ್ಲ ಅಕ್ಕ. ನಾನು ಬೋರ್ಡ್ ಮೇಲೆ ಬರೆದವಳು ಅಷ್ಟೆ."

"ಕುಂತ್ಕಳಿ ಸುಮ್ಕೆ. ಮುಂದಿನ್ ವಾರ ನಂಗೆ ಇಷ್ಟೂ ಕಾಣಾಕಿಲ್ಲ."

ಕೂತೆ. ಅವಳು ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದಳು. ಬೆಚ್ಚಗಿನ, ಒರಟಾದ ಬೆರಳುಗಳು. "ಉಸುರು ಬುಡ್ಬ್ಯಾಡಿ. ಬೆನ್ನಿನ ಮ್ಯಾಲಿಂದ ಸೀಳಿ. ಒತ್ಬ್ಯಾಡಿ, ಅದೇ ಬಿಚ್ಕತದೆ. ಹಾ. ಎಣಿಸ್ಕಳಿ." ಒಂದೊಂದೇ ಎತ್ತಿದೆ. ಏಳು, ಎಂಟು, ಒಂಬತ್ತು. ಆಯಿತು ಎಂದು ಮುಳ್ಳು ಎತ್ತಿದೆ.

"ಬ್ಯಾರೆ ಆದವ್ನು?"

ಇಣುಕಿದೆ. ಹತ್ತನೆಯವನು ಎಸಳಿನ ಮಡಿಕೆಯಲ್ಲಿ ಬೆನ್ನು ಹಾಕಿ ನಿಂತಿದ್ದ. ಹೊರಗೆ ತೆಗೆದೆ. ಅವಳು ಉಸಿರು ಬಿಟ್ಟದ್ದು ನನ್ನ ಕತ್ತಿಗೆ ತಾಗಿತು.

ಐದು ಮೊಗ್ಗುಗಳನ್ನು ಹೀಗೆ ಮೂರು ದಿನದಲ್ಲಿ ಬಿಡಿಸಿದೆವು. ಮಾರನೆಯ ಬೆಳಿಗ್ಗೆ ಗೂಟದ ಅರಳಿದ ಹೂವಿನಿಂದ ಪುಡಿ ತಂದು ತಾಗಿಸಿದೆವು. ಚೀಟಿಯಲ್ಲಿ ನಾನು ತಾಯಿಯ ಜಾಗದಲ್ಲಿ 'ಅವ್ವ' ಎಂದು ಬರೆದೆ. ದಾರ ಮಾತ್ರ ಅವಳೇ ಕಟ್ಟಿದಳು, ಕಣ್ಣು ಮುಚ್ಚಿಕೊಂಡು. ಎರಡು ಗಂಟು, ಒಂದರ ಪಕ್ಕ ಒಂದು. ಆಮೇಲೆ ಎರಡನೆಯ ಆಪರೇಷನ್ನಿಗೆ ಹೋದಳು.

ಅವಳು ಆಸ್ಪತ್ರೆಯಲ್ಲಿದ್ದಾಗ ನಾಲ್ಕು ಹೂ ಉದುರಿದವು. ಒಂದು ನಿಂತಿತು. ಟಾರ್ಚಿಗೆ ವಿಶ್ರಾಂತಿ ಕೊಟ್ಟ ಮೇಲೆ ಉಳಿದ ಎಂಟು ಗಿಡಗಳೂ ಮೂರು ವಾರದಲ್ಲಿ ಹೂ ಬಿಟ್ಟು ಕಾಯಿ ಕಟ್ಟಿದವು. ಆ ಬೀಜವೆಲ್ಲ ಈಗ ಸೋಲೂರಿನಲ್ಲಿ ಮಗಳ ಮನೆಯಲ್ಲಿದೆ, ಬೂದಿ ಬೆರೆಸಿದ ಮಡಕೆಯಲ್ಲಿ. ಅವ್ವನ ಅವರೆ ಹಾಗೆ ಉಳಿಯಿತು. ಆದರೆ ಆ ಹೂಗಳನ್ನು ಅವಳು ಕಾಣಲಿಲ್ಲ. ಎರಡನೆಯ ಕಣ್ಣಿನಲ್ಲೂ ಬೆಳಕು ಯಾವ ಕಡೆ ಇದೆ ಎಂಬಷ್ಟು ಮಾತ್ರ ಉಳಿದಿತ್ತು.

ಕಟ್ಟಿದ ಕಾಯಿ ಒಣಗಿದ ದಿನ ಫೋನ್ ಮಾಡಿದೆ. ಬಂದಳು. ಕಾಯಿಯನ್ನು ಅವಳ ಅಂಗೈಯಲ್ಲಿಟ್ಟೆ. ಚೀಟಿಯ ಗಂಟನ್ನು ಮುಟ್ಟಿ ನೋಡಿಕೊಂಡಳು, ತನ್ನದೇ ಹೌದೋ ಅಲ್ಲವೋ ಎಂಬಂತೆ. ಹೆಬ್ಬೆರಳಿನಿಂದ ಒಡೆದಳು. ಮೂರು ಕಾಳು. ಸಿಪ್ಪೆಯನ್ನು ಮೂಗಿಗೆ ಹಿಡಿದಳು.

"ಸೊಗಡು ಇದೆಯಾ?" ಎಂದೆ.

"ಇದು ಅವ್ವಂದೇ. ಸಿಪ್ಪೆ ತಾಯೀದು ಮಿಸ್ಸಮ್ಮ, ಒಳಗಿನ ಕಾಳು ಮಾತ್ರ ಇಬ್ಬರ್ದು. ಈ ಕಾಳು ಬೆಳುದ್ರೂ ಮೊದ್ಲು ಓಡುಗಾಲೀನೇ. ಅದ್ರ ಮಕ್ಕಳಲ್ಲಿ ನೋಡ್ಬೇಕು." ಮೂರನ್ನೂ ನನ್ನ ಕೈಗೆ ಎಣಿಸಿ ಹಾಕಿದಳು. "ನಿಮ್ ತಾವೇ ಇರ್ಲಿ. ಸುಳ್ಳು ಹೇಳಿ ಉಳಿಸ್ದೋರು ನೀವು."

ಆಷಾಢದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಒರಗಿದವಳು ಏಳಲಿಲ್ಲ. ಗಂಟೆ ಸುಮಾರು ಮೂರಂತೆ. ಮಗಳು ಅಷ್ಟನ್ನೇ ಹೇಳಿದಳು, ನಾನೂ ಹೆಚ್ಚು ಕೇಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗಿ ಬಂದು, ಮರುದಿನ ಬೆಳಿಗ್ಗೆ ಮೂರು ಕಾಳನ್ನೂ ಕಾಂಪೌಂಡಿನ ಬುಡದಲ್ಲಿ ಊರಿದೆ. ಮೂರೂ ಬಂದವು.

ಈಗ ಅಕ್ಟೋಬರ್. ಅವಳು ಹೇಳಿದಂತೆ ಮೂರೂ ಓಡುಗಾಲಿ. ಗೋಡೆ ಹತ್ತಿ, ಸೀಬೆಯ ಕೊಂಬೆ ಹಿಡಿದು, ಪಕ್ಕದ ಮನೆಯವರ ಬಟ್ಟೆ ಹರವುವ ತಂತಿಯವರೆಗೆ ಹೋಗಿವೆ. ಬೀದಿ ದೀಪದ ಕಡೆಗೆ ಆ ಎರಡು ಚಂದ್ರಿಕೆಗಳನ್ನು ನಿಲ್ಲಿಸಿ ಕಪ್ಪು ಬಟ್ಟೆ ಕಟ್ಟಿಸಿದ್ದೇನೆ. ಸಂಜೆಗಳು ಬೇಗ ಬರುತ್ತಿವೆ. ಎಲೆಗಳು ಒಳಗೊಳಗೇ ಎಣಿಸುತ್ತಿರಬೇಕು. ಕಿಟಕಿಯಿಂದ ಆ ಕಪ್ಪು ರಾಶಿಯನ್ನು ನೋಡುತ್ತ ಕೂತರೆ ಒಮ್ಮೊಮ್ಮೆ ತೂಕಡಿಕೆ ಬಂದು, ಹೆಂಗಸರು ಉಸಿರು ಹಿಡಿದು ಕೂತ ಆ ಹೊಲ, ಬಿಳಿ ಸಾಲು, ನೇರಳೆ ಸಾಲು ಕಾಣುತ್ತದೆ. ಒಂಬತ್ತು ಗಂಟೆಗೆ ವರಾಂಡದ ಲೈಟ್ ಆರಿಸುತ್ತೇನೆ. ಅಡುಗೆಮನೆಯದೂ. ಕತ್ತಲಲ್ಲಿ ತಡವಿಕೊಂಡು ಮಾತ್ರೆ ನುಂಗುತ್ತೇನೆ.

ಒಂಬತ್ತೂವರೆಗೆ ಫೋನ್ ಬರುತ್ತದೆ. ಕೊಟ್ಟಿಗೆಯ ಕೆಲಸ ಮುಗಿಸಿದ ಮಗಳು. ಅದೇ ನಂಬರು, ದನಿಯೂ ಸುಮಾರು ಅದೇ.

"ಮಿಸ್ಸಮ್ಮ, ಬುಡ್ತಾ?"

"ನೋಡಿಲ್ಲ ಕಣಮ್ಮ" ಎನ್ನುತ್ತೇನೆ. "ಬೆಳಿಗ್ಗೆ ಹೇಳ್ತೀನಿ."